ಗಲ್ಲಾಪೆಟ್ಟಿಗೆ ಕಂಡಿತು, ಖರ್ಚು ಕಾಣಲಿಲ್ಲ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಒಂದು ವಿಚಿತ್ರ ದೃಶ್ಯ ಕಂಡುಬಂತು. ಹಲವು ಚಹಾದಂಗಡಿ, ಬೇಕರಿ ಮತ್ತು ಕಾಂಡಿಮೆಂಟ್ಸ್‌ಗಳ ಗೋಡೆಯಿಂದ ಕ್ಯೂಆರ್ ಕೋಡ್‌ನ ಹಾಳೆಗಳು ಮಾಯವಾದವು. ಅವುಗಳ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕೈಬರಹದ ಫಲಕಗಳು ಬಂದವು. ಡಿಜಿಟಲ್ ಭಾರತದ ರಾಜಧಾನಿ ಎಂದು ಕರೆಸಿಕೊಳ್ಳುವ ನಗರದಲ್ಲಿ ಜನರು ಮತ್ತೆ ಹತ್ತಿಪ್ಪತ್ತು ರೂಪಾಯಿಯ ಚಿಲ್ಲರೆಗಾಗಿ ಜೇಬು ತಡಕಾಡತೊಡಗಿದರು.

ಕಾರಣ ಈಗ ಎಲ್ಲರಿಗೂ ಗೊತ್ತಿದೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಪಾವತಿಗಳ ಲೆಕ್ಕವನ್ನು ತರಿಸಿಕೊಂಡು, ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತ್ತು. ನಾಲ್ಕು ವರ್ಷಗಳ ಹಿಂದಿನಿಂದ ತೆರಿಗೆ, ಅದರ ಮೇಲೆ ಬಡ್ಡಿ, ಮತ್ತೆ ದಂಡ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ನೋಟಿಸಿನಲ್ಲಿದ್ದ ಮೊತ್ತ 29 ಲಕ್ಷ ರೂಪಾಯಿ! ನಾಲ್ಕು ವರ್ಷಗಳಲ್ಲಿ ಆತನ ಖಾತೆಗೆ 1.63 ಕೋಟಿ ರೂಪಾಯಿ ಬಂದಿತ್ತು ಎಂಬುದು ಅದಕ್ಕೆ ಆಧಾರ. ಕೋಟಿ ಎಂಬ ಶಬ್ದ ಕೇಳಿದೊಡನೆ ಯಾರಿಗಾದರೂ ಕಣ್ಣು ಅರಳುತ್ತದೆ. ಆದರೆ ಅದನ್ನು ದಿನಗಳಿಗೆ ಹಂಚಿ ನೋಡಿದರೆ ಸಿಗುವುದು ದಿನಕ್ಕೆ ಸುಮಾರು 11 ಸಾವಿರ ರೂಪಾಯಿಯ ವಹಿವಾಟು. ರೈತರಿಂದ ತರಕಾರಿ ಕೊಂಡು, ಹೊತ್ತು ತಂದು, ಕೊಳೆತದ್ದನ್ನು ಎಸೆದು, ಉಳಿದದ್ದನ್ನು ಮಾರಿದವನ ದಿನದ ವ್ಯಾಪಾರ ಅದು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಕೇವಲ ತೆರಿಗೆರಹಿತ ಸರಕು ಮಾರುವವರು ನೋಂದಣಿಯನ್ನೂ ಮಾಡಿಸಬೇಕಿಲ್ಲವೆಂದು ಅದೇ ಜಿಎಸ್‌ಟಿ ಕಾನೂನು ಹೇಳುತ್ತದೆ. ಆದರೂ ನೋಟಿಸು ಬಂತು. ಏಕೆಂದರೆ ಕಂಪ್ಯೂಟರಿಗೆ ಬಂದ ಹಣ ಮಾತ್ರ ಕಂಡಿತ್ತು. ಮಾರಿದ್ದೇನು, ಕೊಂಡದ್ದೆಷ್ಟಕ್ಕೆ, ಉಳಿದದ್ದೆಷ್ಟು ಎಂಬುದು ಕಂಡಿರಲಿಲ್ಲ.

ವ್ಯಾಪಾರಿಗಳು ಬೀದಿಗಿಳಿದರು. ಹಾಲಿಲ್ಲದ ಕಪ್ಪು ಚಹಾ ಮಾರಿ ಪ್ರತಿಭಟಿಸಿದರು, ಜುಲೈ 25ರಂದು ಬಂದ್‌ಗೆ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಸಲೇಬೇಕು ಎಂದರು. ಬಂದ್ ನಿಂತಿತು, ಪತ್ರಿಕೆಗಳಿಂದ ಸುದ್ದಿಯೂ ಮರೆಯಾಯಿತು. ಈ ನಡುವೆ ನೋಟಿಸು ಕಳುಹಿಸಿದ್ದು ರಾಜ್ಯವೆಂದು ಕೇಂದ್ರದ ಸಚಿವರೂ, ಜಿಎಸ್‌ಟಿ ಕೇಂದ್ರದ ಕೂಸೆಂದು ರಾಜ್ಯದ ಸಚಿವರೂ ಪರಸ್ಪರ ಬೆರಳು ತೋರಿಸಿದ್ದೂ ಆಯಿತು. ಬೆಂಕಿ ಆರಿತು ಎಂದು ಎಲ್ಲರೂ ನೆಮ್ಮದಿಯಿಂದಿದ್ದಾರೆ. ಆದರೆ ಕೆಂಡ ಬೂದಿಯ ಕೆಳಗೆ ಹಾಗೆಯೇ ಇದೆ ಎಂಬುದು ನಮ್ಮ ಅನಿಸಿಕೆ. ಏಕೆಂದರೆ ನೋಟಿಸಿನ ಹಿಂದಿದ್ದ ತಪ್ಪು ತಿಳಿವಳಿಕೆಯನ್ನು ಯಾರೂ ತಿದ್ದಿಲ್ಲ. ವಹಿವಾಟನ್ನೇ ಆದಾಯವೆಂದು ಭಾವಿಸುವುದು ಆ ತಪ್ಪು. ಬೆಲೆ ಏರಿ ಗಲ್ಲಾಪೆಟ್ಟಿಗೆ ತುಂಬಿದ್ದನ್ನು ಅಂಗಡಿಯವನು ಶ್ರೀಮಂತನಾದನೆಂದು ಓದುವುದು ಅದಕ್ಕಿಂತಲೂ ದೊಡ್ಡ ತಪ್ಪು.

ಒಂದು ಸರಳ ಲೆಕ್ಕವನ್ನು ನೋಡೋಣ. ಸರಕು ಮಾರುವ ಅಂಗಡಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ. ಚಹಾ-ತಿಂಡಿ ಮಾಡಿಕೊಡುವ ಹೋಟೆಲು ಕಾನೂನಿನ ಕಣ್ಣಿಗೆ ಸೇವೆ. ಒಂದು ಕಪ್ ಚಹಾಕ್ಕೆ 15 ರೂಪಾಯಿ ಎಂದಿಟ್ಟುಕೊಂಡು, ದಿನಕ್ಕೆ 365 ಕಪ್ ಮಾರುವ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ವರ್ಷಪೂರ್ತಿ ಬಾಗಿಲು ತೆರೆದರೆ ವಹಿವಾಟು 20 ಲಕ್ಷದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಬಸ್ ನಿಲ್ದಾಣದ ಬಳಿಯ ಯಾವ ಸಾಧಾರಣ ಚಹಾದಂಗಡಿಗೂ ಇದು ದೊಡ್ಡ ಸಂಖ್ಯೆಯಲ್ಲ.

ಇನ್ನು ಖರ್ಚಿನ ಕಡೆ ಬನ್ನಿ. ಹಾಲು, ಸಕ್ಕರೆ, ಚಹಾಪುಡಿ, ಗ್ಯಾಸ್ ಸೇರಿ ದಿನಕ್ಕೆ 2,300 ರೂಪಾಯಿ ಹಿಡಿದರೂ ವರ್ಷಕ್ಕೆ 8.4 ಲಕ್ಷವಾಯಿತು. ಬಾಡಿಗೆ ತಿಂಗಳಿಗೆ 25 ಸಾವಿರದಂತೆ 3 ಲಕ್ಷ. ಇಬ್ಬರು ಕೆಲಸದವರಿಗೆ ತಲಾ 15 ಸಾವಿರದಂತೆ 3.6 ಲಕ್ಷ. ಕರೆಂಟು, ನೀರು, ಕಸ, ಒಡೆದ ಲೋಟ, ಕೆಟ್ಟ ಸ್ಟವ್ ಎಲ್ಲ ಸೇರಿ 60 ಸಾವಿರ. ಒಟ್ಟು ಖರ್ಚು 15.6 ಲಕ್ಷ, ಕೈಯಲ್ಲುಳಿಯುವುದು 4.4 ಲಕ್ಷ. ಅದೂ ಗಂಡ ಹೆಂಡತಿ ಇಬ್ಬರೂ ಬೆಳಗಿನ ಜಾವ ಐದಕ್ಕೆ ಒಲೆ ಹಚ್ಚಿ, ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿದರೆ! ಒಂದು ರೂಪಾಯಿಯೂ ಸಾಲ ಬಾಕಿಯಿಲ್ಲದಿದ್ದರೆ, ಒಂದು ದಿನವೂ ಅಂಗಡಿ ಮುಚ್ಚದಿದ್ದರೆ!

ಇವರು ನೋಂದಣಿ ಮಾಡಿಸಿ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯನ್ನು ಆರಿಸಿಕೊಂಡರೆಂದು ಇಟ್ಟುಕೊಳ್ಳಿ. ಹೋಟೆಲಿಗೆ ಅಲ್ಲಿ ಶೇಕಡ 5 ತೆರಿಗೆ. ಅದು ಲಾಭದ ಮೇಲಲ್ಲ, ಇಡೀ ವಹಿವಾಟಿನ ಮೇಲೆ. 20 ಲಕ್ಷಕ್ಕೆ ಒಂದು ಲಕ್ಷ ರೂಪಾಯಿ. ಈ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಕೊಂಡ ಸರಕಿಗೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವಂತೆಯೂ ಇಲ್ಲ. ಅಂದರೆ 4.4 ಲಕ್ಷದ ದುಡಿಮೆಯಿಂದ ಒಂದು ಲಕ್ಷ, ಸುಮಾರು ನಾಲ್ಕನೇ ಒಂದು ಭಾಗ, ಹೋಯಿತು. ಅದೇ ಹೊತ್ತಿಗೆ 2025ರ ಕೇಂದ್ರ ಬಜೆಟ್ಟು ಏನು ಹೇಳಿತು? ವರ್ಷಕ್ಕೆ 12 ಲಕ್ಷದವರೆಗೆ ಆದಾಯವಿರುವವರು ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟಬೇಕಿಲ್ಲ ಎಂದಿತು. ಮಧ್ಯಮ ವರ್ಗಕ್ಕೆ ಸಿಕ್ಕ ಆ ರಿಯಾಯಿತಿಯ ಬಗ್ಗೆ ನಮಗೆ ಅಸೂಯೆಯಿಲ್ಲ. ಆದರೆ ತಿಂಗಳಿಗೆ ಲಕ್ಷ ರೂಪಾಯಿ ಎಣಿಸುವವರು ಸೊನ್ನೆ, ಅವರಿಗೆ ಚಹಾ ಕೊಡುವವರು ಒಂದು ಲಕ್ಷ ಎಂಬ ಈ ವ್ಯವಸ್ಥೆಗೆ ನಾವು ಯಾವ ಹೆಸರಿಡಬೇಕು?

ಜಿಎಸ್‌ಟಿಯೂ ಆದಾಯ ತೆರಿಗೆಯೂ ಬೇರೆ ಬೇರೆ, ಜಿಎಸ್‌ಟಿಯನ್ನು ಹೊರಬೇಕಾದವನು ಗಿರಾಕಿ, ಅಂಗಡಿಯವನಲ್ಲ ಎಂದು ತಿಳಿದವರು ಹೇಳುತ್ತಾರೆ. ಪುಸ್ತಕದಲ್ಲಿ ಅದು ಸರಿ. ರಾಜಿ ತೆರಿಗೆ ಬೇಡವೆಂದು ಬಿಲ್ಲು ಬರೆದು ಗಿರಾಕಿಯಿಂದಲೇ ಪಡೆಯಬಹುದು ಎಂಬುದೂ ಸರಿ. ಆದರೆ 15 ರೂಪಾಯಿಯ ಚಹಾಕ್ಕೆ 75 ಪೈಸೆ ತೆರಿಗೆ ಸೇರಿಸಿ, ಬಿಲ್ಲು ಕೊಟ್ಟು, ಪ್ರತಿ ತಿಂಗಳು ಲೆಕ್ಕಪತ್ರ ಸಲ್ಲಿಸಲು ಲೆಕ್ಕಿಗರಿಗೆ ಶುಲ್ಕ ಕೊಡುವ ಚಹಾದಂಗಡಿಯನ್ನು ಯಾರಾದರೂ ತೋರಿಸಲಿ. ಪಕ್ಕದ ಅಂಗಡಿಯಲ್ಲಿ ಅದೇ ಚಹಾ 15ಕ್ಕೆ ಸಿಗುವಾಗ ಗಿರಾಕಿ ಇಲ್ಲಿಗೆ ಏಕೆ ಬರಬೇಕು? ಸ್ಪರ್ಧೆಯ ಬೀದಿಯಲ್ಲಿ ತೆರಿಗೆ ಕೊನೆಗೆ ಬೀಳುವುದು ಬಲವಿಲ್ಲದವನ ಹೆಗಲ ಮೇಲೆಯೇ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ನಮ್ಮ ಈ ಅಂಗಡಿಯಲ್ಲಿ ಚಹಾದ ಬೆಲೆ ಹಿಂದೆ 12 ರೂಪಾಯಿ ಇತ್ತೆಂದು ಭಾವಿಸಿ. ಅದೇ 365 ಕಪ್‌ಗೆ ಆಗ ವಹಿವಾಟು 16 ಲಕ್ಷ. ಈಗ 20 ಲಕ್ಷ. ಒಂದೇ ಒಂದು ಕಪ್ ಹೆಚ್ಚು ಮಾರದೆ, ಒಬ್ಬನೇ ಒಬ್ಬ ಗಿರಾಕಿ ಹೆಚ್ಚಾಗದೆ ವಹಿವಾಟು 4 ಲಕ್ಷ ಏರಿತು! ಏಕೆ ಏರಿತು? ನಂದಿನಿ ಹಾಲಿನ ದರ 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ ಏರಿತು. 2025ರ ಏಪ್ರಿಲಿನಲ್ಲಿ ಮತ್ತೆ 4 ರೂಪಾಯಿ ಏರಿತು. ಹಾಲು ಕರೆಯುವ ರೈತನಿಗೆ ಆ ಹಣ ಸಲ್ಲಲೇಬೇಕು, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಹಾಲು, ಗ್ಯಾಸ್, ಬಾಡಿಗೆ, ಕೂಲಿ ಎಲ್ಲವೂ ಏರಿದಾಗ ಅಂಗಡಿಯವನು ಚಹಾದ ಬೆಲೆ ಏರಿಸದೆ ಬದುಕುವುದು ಹೇಗೆ? ಏರಿಸಿದ ಬೆಲೆ ಅವನ ಜೇಬಿಗೆ ಹೋಗುವುದಿಲ್ಲ, ಅವನ ಮೂಲಕ ಹಾದು ಬೇರೆಯವರ ಜೇಬಿಗೆ ಹೋಗುತ್ತದೆ. ಅವನು ಕೊಳವೆ ಮಾತ್ರ. ಕೊಳವೆಯಲ್ಲಿ ಹರಿದ ನೀರನ್ನೆಲ್ಲ ಕೊಳವೆಯೇ ಕುಡಿಯಿತೆಂದು ಆರೋಪಿಸುವುದು ಯಾವ ಜಾಣತನ?

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಸರಕು ಮತ್ತು ಸೇವೆ ಎರಡಕ್ಕೂ ಮಿತಿ 20 ಲಕ್ಷವೇ ಆಗಿತ್ತು. 2019ರ ಏಪ್ರಿಲಿನಲ್ಲಿ ಸರಕಿನ ಮಿತಿಯನ್ನು 40 ಲಕ್ಷಕ್ಕೆ ಏರಿಸಲಾಯಿತು. ಸೇವೆಯ ಮಿತಿ ಮಾತ್ರ ಇದ್ದಲ್ಲಿಯೇ ಉಳಿಯಿತು. ಸರಕಾರಿ ನೌಕರನ ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಜೊತೆ ಏರುತ್ತದೆ. ಹೆದ್ದಾರಿಯ ಟೋಲ್ ಕೂಡ ಬೆಲೆ ಸೂಚ್ಯಂಕ ನೋಡಿಕೊಂಡು ವರ್ಷವರ್ಷ ಪರಿಷ್ಕರಣೆಯಾಗುತ್ತದೆ. ಸಣ್ಣ ಹೋಟೆಲಿನವನ, ಕ್ಷೌರದಂಗಡಿಯವನ, ದರ್ಜಿಯ ಮಿತಿಗೆ ಮಾತ್ರ ಬೆಲೆಯೇರಿಕೆ ಎಂಬುದೇ ಇಲ್ಲ. ಹೀಗೆ ಮಿತಿಯನ್ನು ಹೂತಿಟ್ಟ ಕಲ್ಲಿನಂತೆ ಬಿಟ್ಟು, ಬೆಲೆಗಳನ್ನು ಏರಲು ಬಿಟ್ಟರೆ, ಯಾವ ಹೊಸ ತೆರಿಗೆಯನ್ನೂ ಘೋಷಿಸದೆ ಪ್ರತಿ ವರ್ಷ ಇನ್ನಷ್ಟು ಬಡವರನ್ನು ತೆರಿಗೆಯ ಬಲೆಗೆ ಬೀಳಿಸಬಹುದು. ಸದನದಲ್ಲಿ ಚರ್ಚೆಯಾಗದೆ, ಬಜೆಟ್ಟಿನಲ್ಲಿ ಹೆಸರಿಲ್ಲದೆ ಬರುವ ತೆರಿಗೆ ಇದು.

ಇಷ್ಟಕ್ಕೂ ಸಣ್ಣ ವ್ಯಾಪಾರಿಗಳನ್ನು ಡಿಜಿಟಲ್ ಪಾವತಿಯ ಕಡೆಗೆ ಕೈಹಿಡಿದು ಕರೆತಂದವರು ಯಾರು? 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳನ್ನು ರದ್ದುಪಡಿಸಿ, ಬೀದಿಬದಿಯ ವ್ಯಾಪಾರಿಯನ್ನು ತಿಂಗಳುಗಟ್ಟಲೆ ಬರಿಗೈಯಲ್ಲಿ ಕೂರಿಸಿದವರು ಯಾರು? ಆಗ ನಗದುರಹಿತ ವ್ಯವಹಾರವೇ ದೇಶಸೇವೆ ಎಂದರು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕವಿಲ್ಲವೆಂದರು. 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗೆ 10 ಸಾವಿರ ರೂಪಾಯಿ ಸಾಲ ಕೊಟ್ಟು, ಡಿಜಿಟಲ್ ಪಾವತಿ ಸ್ವೀಕರಿಸಿದರೆ ತಿಂಗಳಿಗೆ 100 ರೂಪಾಯಿಯವರೆಗೆ ಕ್ಯಾಶ್‌ಬ್ಯಾಕ್ ಕೊಡುವುದಾಗಿ ಹೇಳಿದರು. ನೂರು ರೂಪಾಯಿಯ ಆಸೆ ತೋರಿಸಿ ಬರೆಸಿಕೊಂಡ ಲೆಕ್ಕವನ್ನೇ ನಾಲ್ಕು ವರ್ಷಗಳ ಬಳಿಕ ಆರೋಪಪಟ್ಟಿಯಂತೆ ಮುಂದಿಟ್ಟರೆ, ಮುಂದಿನ ಯೋಜನೆಯನ್ನು ಆ ವ್ಯಾಪಾರಿ ನಂಬುವನೇ? ಕಾನೂನು ಮುರಿದವನನ್ನು ಹಿಡಿಯುವ ಅಧಿಕಾರ ಇಲಾಖೆಗಿದೆ ನಿಜ. ಆದರೆ ನಾಲ್ಕು ವರ್ಷ ಕಣ್ಣೆದುರೇ ಇದ್ದ ಲೆಕ್ಕವನ್ನು ನೋಡುತ್ತ ಸುಮ್ಮನಿದ್ದು, ಬಡ್ಡಿ ಬೆಳೆದ ಮೇಲೆ ಎಚ್ಚರಗೊಳ್ಳುವುದು ತಿಳಿವಳಿಕೆ ನೀಡುವ ರೀತಿಯಲ್ಲ. ಮೊದಲ ವರ್ಷವೇ ಒಂದು ಕನ್ನಡದ ಕಾಗದ ಬಂದಿದ್ದರೆ ಎಷ್ಟೋ ಮಂದಿ ಸರಿದಾರಿಗೆ ಬರುತ್ತಿದ್ದರು.

ಆ ಲೆಕ್ಕವಾದರೂ ಎಷ್ಟು ನಿಖರ? ಸಣ್ಣ ವ್ಯಾಪಾರಿಗೆ ಅಂಗಡಿಗೊಂದು, ಮನೆಗೊಂದು ಎಂದು ಎರಡು ಖಾತೆಗಳಿರುವುದಿಲ್ಲ. ಊರಿನಿಂದ ತಮ್ಮ ಕಳುಹಿಸಿದ ಹಣ, ಚೀಟಿ ಎತ್ತಿದ ಹಣ, ಮಗಳ ಮದುವೆಗೆ ಪಡೆದ ಕೈಸಾಲ, ನಗದು ಬೇಕೆಂದು ಪರಿಚಿತರು ಸ್ಕ್ಯಾನ್ ಮಾಡಿ ಪಡೆದ ಚಿಲ್ಲರೆ ಎಲ್ಲವೂ ಅದೇ ಖಾತೆಗೆ ಬೀಳುತ್ತವೆ. ಕಾಂಡಿಮೆಂಟ್ಸ್ ಅಂಗಡಿಯವನು ಹಾಲಿನ ಪೊಟ್ಟಣ ಮಾರಿದರೆ ಅವನಿಗೆ ಸಿಗುವುದು ಪುಡಿಗಾಸಿನ ಕಮಿಷನ್, ಖಾತೆಗೆ ಬೀಳುವುದು ಪೊಟ್ಟಣದ ಪೂರ್ತಿ ಬೆಲೆ. ತೆರಿಗೆಯಿಲ್ಲದ ಹಾಲೂ ತೆರಿಗೆಯಿರುವ ಸಿಗರೇಟೂ ಯುಪಿಐ ಪಟ್ಟಿಯಲ್ಲಿ ಒಂದೇ ಬಣ್ಣದಲ್ಲಿ ಕಾಣುತ್ತವೆ. ಇದು ಕೇವಲ ವಿವರಣೆ ಕೇಳುವ ನೋಟಿಸು, ಅಂತಿಮ ಆದೇಶವಲ್ಲ ಎಂದು ಇಲಾಖೆ ಸಮಜಾಯಿಷಿ ನೀಡಿತು. ಆದರೆ ಲಕ್ಷಗಟ್ಟಲೆ ಮೊತ್ತ ಬರೆದ ಸರಕಾರಿ ಕಾಗದ ಕೈಗೆ ಬಂದ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತುವುದಿಲ್ಲ ಎಂಬುದು ಕಚೇರಿಯಲ್ಲಿ ಕುಳಿತವರಿಗೆ ಗೊತ್ತಿರಬೇಕಿತ್ತು.

ಇವರೆಲ್ಲ ತೆರಿಗೆಯನ್ನೇ ಕಟ್ಟದವರು ಎಂಬ ಮಾತನ್ನು ಸುಶಿಕ್ಷಿತರ ಬಾಯಿಂದಲೂ ನಾವು ಕೇಳುತ್ತಿದ್ದೇವೆ. ಇದಕ್ಕಿಂತ ದೊಡ್ಡ ಸುಳ್ಳಿಲ್ಲ. ಚಹಾದಂಗಡಿಯವನು ಕೊಳ್ಳುವ ಸಕ್ಕರೆಗೆ ಶೇಕಡ 5, ಚಹಾಪುಡಿಗೆ ಶೇಕಡ 5, ವಾಣಿಜ್ಯ ಗ್ಯಾಸ್ ಸಿಲಿಂಡರಿಗೆ ಶೇಕಡ 18 ಜಿಎಸ್‌ಟಿ ಇದೆ. ಮನೆಯ ಸಿಲಿಂಡರಿಗೆ ಶೇಕಡ 5 ಮಾತ್ರ ಎಂಬುದನ್ನು ಗಮನಿಸಿ. ನೋಂದಣಿಯಿಲ್ಲದವನಿಗೆ ಇದರಲ್ಲಿ ಒಂದು ಪೈಸೆಯೂ ಹಿಂದಿರುಗುವುದಿಲ್ಲ. ದೊಡ್ಡ ಕಂಪೆನಿ ತಾನು ಕೊಂಡದ್ದರ ಮೇಲಿನ ತೆರಿಗೆಯನ್ನು ಮಾರಿದ್ದರ ಮೇಲಿನ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ. ಚಿಕ್ಕವನು ಎಲ್ಲವನ್ನೂ ನುಂಗಿಕೊಳ್ಳುತ್ತಾನೆ. ದೊಡ್ಡವರ ವಿಷಯ ಬಂದಾಗ ಇದೇ ಸರಕಾರದ ಕೈ ಎಷ್ಟು ಉದಾರವಾಗಿತ್ತು ಎಂಬುದನ್ನೂ ನೆನಪಿಸಿಕೊಳ್ಳೋಣ. 2019ರ ಸೆಪ್ಟೆಂಬರ್ 20ರಂದು ಕಂಪೆನಿಗಳ ಆದಾಯ ತೆರಿಗೆಯ ಮೂಲ ದರವನ್ನು ಶೇಕಡ 22ಕ್ಕೆ ಇಳಿಸಲಾಯಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಟ್ಟಂತಾಗುತ್ತದೆ ಎಂದು ಅಂದು ಹಣಕಾಸು ಸಚಿವರೇ ಹೇಳಿದ್ದರು. ಅಲ್ಲಿ ಬಿಟ್ಟದ್ದಕ್ಕೆ ಉತ್ತೇಜನವೆಂದು ಹೆಸರು, ಇಲ್ಲಿ ಕೇಳಿದರೆ ಕಳ್ಳತನವೆಂದು ಆರೋಪ.

ದೆಹಲಿಯ ನೀತಿಯನ್ನು ಮಾತ್ರ ದೂರಿ ಸುಮ್ಮನಾಗುವುದೂ ನ್ಯಾಯವಲ್ಲ. ಸಣ್ಣ ಅಂಗಡಿಯ ಉಸಿರು ಕಟ್ಟಿಸುವ ಖರ್ಚುಗಳಲ್ಲಿ ಬಹುಪಾಲು ನಮ್ಮ ಊರಿನಲ್ಲಿಯೇ ಹುಟ್ಟುತ್ತವೆ. ಅಂಗಡಿ ಹಿಡಿಯಬೇಕಾದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವವರಿದ್ದಾರೆ. ಉದ್ದಿಮೆ ಪರವಾನಗಿಗೆ ನಗರಸಭೆ, ಆಹಾರದ ನೋಂದಣಿಗೆ ಇನ್ನೊಂದು ಇಲಾಖೆ, ಅಂಗಡಿ ಕಾಯ್ದೆಯ ನೋಂದಣಿಗೆ ಕಾರ್ಮಿಕ ಇಲಾಖೆ, ತಕ್ಕಡಿಯ ಮುದ್ರೆಗೆ ಮತ್ತೊಂದು ಇಲಾಖೆ. ಶುಲ್ಕ ಸಣ್ಣದಿರಬಹುದು. ಅದಕ್ಕಾಗಿ ಅಂಗಡಿ ಮುಚ್ಚಿ ಅಲೆದ ದಿನಗಳ ಲೆಕ್ಕ, ಮಧ್ಯವರ್ತಿಗೆ ಕೊಟ್ಟ ಹಣದ ಲೆಕ್ಕ ಯಾವ ರಸೀದಿಯಲ್ಲಿಯೂ ಇರುವುದಿಲ್ಲ. ವ್ಯಾಪಾರವಿರಲಿ ಇಲ್ಲದಿರಲಿ, ವಿದ್ಯುತ್ತಿನ ನಿಗದಿತ ಶುಲ್ಕ ಕಟ್ಟಲೇಬೇಕು. ಬೆಂಗಳೂರಿನಲ್ಲಿ 2025ರ ಏಪ್ರಿಲಿನಿಂದ ಕಸ ವಿಲೇವಾರಿಗೂ ಹೊಸ ಬಳಕೆದಾರರ ಶುಲ್ಕ ಬಂತು. ಮಾಮೂಲು, ಹಬ್ಬದ ಚಂದಾ, ಸಂಘಟನೆಗಳ ವಸೂಲಿ ಯಾವ ಕಾನೂನಿನಲ್ಲಿಯೂ ಇಲ್ಲ, ಆದರೆ ಎಲ್ಲ ಅಂಗಡಿಗಳ ಲೆಕ್ಕದಲ್ಲಿಯೂ ಇದೆ. ಮೆಟ್ರೊಗೆಂದೋ ಕಾಂಕ್ರೀಟಿಗೆಂದೋ ಪೈಪಿಗೆಂದೋ ರಸ್ತೆ ಅಗೆದು ತಿಂಗಳುಗಟ್ಟಲೆ ಬಿಟ್ಟರೆ ಗಿರಾಕಿ ಬೇರೆ ದಾರಿ ಹಿಡಿಯುತ್ತಾನೆ, ಬಾಡಿಗೆ ಮಾತ್ರ ದಾರಿ ತಪ್ಪದೆ ಬರುತ್ತದೆ. ಜಾಗ ಕಳೆದುಕೊಂಡವನಿಗೆ ಪರಿಹಾರವುಂಟು, ಗಿರಾಕಿ ಕಳೆದುಕೊಂಡವನಿಗೆ ಏನೂ ಇಲ್ಲ.

ಬಾಡಿಗೆಯ ವಿಷಯದಲ್ಲಿ ನೀತಿ ನಿರೂಪಕರ ಅಜಾಗರೂಕತೆಗೆ ಒಂದು ಉದಾಹರಣೆ ಸಾಕು. ಮಾಲೀಕ ಜಿಎಸ್‌ಟಿ ನೋಂದಣಿ ಇಲ್ಲದವನಾಗಿದ್ದರೆ ಅಂಗಡಿಯ ಬಾಡಿಗೆಯ ಮೇಲಿನ ಶೇಕಡ 18 ತೆರಿಗೆಯನ್ನು ನೋಂದಾಯಿತ ಬಾಡಿಗೆದಾರನೇ ಕಟ್ಟಬೇಕೆಂದು 2024ರ ಅಕ್ಟೋಬರಿನಲ್ಲಿ ನಿಯಮ ತಂದರು. 25 ಸಾವಿರ ಬಾಡಿಗೆಗೆ ತಿಂಗಳಿಗೆ 4,500 ರೂಪಾಯಿ! ಕಾನೂನಿಗೆ ತಲೆಬಾಗಿ ರಾಜಿ ತೆರಿಗೆಯಡಿ ನೋಂದಾಯಿಸಿಕೊಂಡ ಸಣ್ಣವರ ಮೇಲೆಯೂ ಇದು ಬಿತ್ತು. ಕೂಗು ಎದ್ದ ಮೇಲೆ 2025ರ ಜನವರಿಯಲ್ಲಿ ಅವರಿಗೆ ವಿನಾಯಿತಿ ಕೊಟ್ಟರು. ಮೊದಲು ಹೊಡೆಯುವುದು, ಅತ್ತರೆ ಮುಲಾಮು ಹಚ್ಚುವುದು ಎಂಬುದೇ ಆಡಳಿತದ ರೀತಿಯಾದರೆ, ಅಳುವ ಶಕ್ತಿಯೂ ಇಲ್ಲದವರ ಗತಿಯೇನು?

ಅಂತಹವರ ಸಾಲಿನಲ್ಲಿ ಮೊದಲಿಗರು ಗೂಡಂಗಡಿ ಮತ್ತು ತಳ್ಳುಗಾಡಿಯವರು. ಅವರಿಗಾಗಿ 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ತಂದಿತು. ಸಮೀಕ್ಷೆ ಮುಗಿದು ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೂ 2024ರಲ್ಲಿ ಮಂಗಳೂರು ಮಹಾನಗರಪಾಲಿಕೆ ‘ಟೈಗರ್ ಕಾರ್ಯಾಚರಣೆ’ ಎಂಬ ಹೆಸರಿನಲ್ಲಿ ಬೀದಿಬದಿ ವ್ಯಾಪಾರಿಗಳನ್ನು ತೆರವುಗೊಳಿಸಿತು. ಹೆಸರನ್ನಾದರೂ ಗಮನಿಸಿ. ಹುಲಿ ಯಾರು, ಬೇಟೆ ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕೈಯಿಂದ ಸ್ವನಿಧಿ ಸಾಲ ಕೊಡುವುದು, ಇನ್ನೊಂದು ಕೈಯಿಂದ ಸಾಲ ತೀರಿಸಬೇಕಾದ ಗಾಡಿಯನ್ನೇ ಎತ್ತಿಕೊಂಡು ಹೋಗುವುದು. ಸಾಲದ ಕಂತು ತಪ್ಪಿದರೆ ಬ್ಯಾಂಕಿಗೆ ಗಾಡಿಯ ಕತೆ ಬೇಕಾಗುವುದಿಲ್ಲ.

ಹಾಗಾದರೆ ಸಣ್ಣ ವ್ಯಾಪಾರಿಗಳು ತೆರಿಗೆಯನ್ನೇ ಕಟ್ಟಬಾರದೆಂಬುದು ನಮ್ಮ ವಾದವೇ? ಖಂಡಿತ ಅಲ್ಲ. ಸರಕಾರಿ ಶಾಲೆಯೂ ಆಸ್ಪತ್ರೆಯೂ ತೆರಿಗೆಯ ಹಣದಿಂದಲೇ ನಡೆಯಬೇಕು, ಅವುಗಳ ಅಗತ್ಯ ಬಡವನಿಗೇ ಹೆಚ್ಚು. ಹತ್ತು ಅಂಗಡಿಗಳ ವ್ಯವಹಾರವನ್ನು ಹತ್ತು ಹೆಸರಿನಲ್ಲಿ ಹಂಚಿ ಬಡವನ ಸೋಗು ಹಾಕುವವರೂ ನಮ್ಮ ನಡುವೆ ಇದ್ದಾರೆ, ಅವರನ್ನು ಹಿಡಿಯಲಿ. ಆದರೆ ಹಿಡಿಯಬೇಕಾದುದು ಲಾಭವನ್ನು, ಓಡಾಡುವ ಹಣವನ್ನಲ್ಲ.

ಆದ್ದರಿಂದ ನಮ್ಮ ಒತ್ತಾಯಗಳು ಇಷ್ಟೇ. ಸಣ್ಣ ಹೋಟೆಲು ಮತ್ತು ಸೇವೆಗಳ ನೋಂದಣಿ ಮಿತಿಯನ್ನು ಸರಕಿನಂತೆಯೇ 40 ಲಕ್ಷಕ್ಕೆ ಏರಿಸಬೇಕು, ಅಲ್ಲಿಂದ ಮುಂದೆ ಬೆಲೆ ಸೂಚ್ಯಂಕದ ಜೊತೆ ಅದು ತಾನಾಗಿ ಏರಬೇಕು. ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಗಳಿಗೂ ಮತವಿದೆ. ಕೇಂದ್ರದತ್ತ ಬೆರಳು ತೋರಿಸುವ ನಮ್ಮ ರಾಜ್ಯ ಸರಕಾರ ಈ ಬೇಡಿಕೆಯನ್ನು ಅಲ್ಲಿ ಮಂಡಿಸಲಿ. ಯುಪಿಐ ಲೆಕ್ಕವೊಂದನ್ನೇ ಮುಂದಿಟ್ಟು ಹಳೆಯ ವರ್ಷಗಳ ತೆರಿಗೆ ಕೇಳುವುದಿಲ್ಲವೆಂಬ 2025ರ ಭರವಸೆ ಸಭೆಯ ಮಾತಾಗಿ ಉಳಿಯದೆ ಲಿಖಿತ ನಿಯಮವಾಗಬೇಕು. ಮಿತಿಯ ಹತ್ತಿರ ಬಂದವನಿಗೆ ದಂಡದ ನೋಟಿಸಿನ ಮೊದಲು ಕನ್ನಡದಲ್ಲಿ ತಿಳಿವಳಿಕೆ ಪತ್ರ ಹೋಗಬೇಕು. ಪರವಾನಗಿಗಳೆಲ್ಲ ವಾರ್ಡಿನ ಒಂದೇ ಕಚೇರಿಯಲ್ಲಿ, ಒಂದೇ ಅರ್ಜಿಯಲ್ಲಿ ಸಿಗಬೇಕು. ರಸ್ತೆ ಅಗೆದ ಅವಧಿಗೆ ಆ ಬೀದಿಯ ಅಂಗಡಿಗಳ ಪರವಾನಗಿ ಶುಲ್ಕವನ್ನೂ ವಿದ್ಯುತ್ತಿನ ನಿಗದಿತ ಶುಲ್ಕವನ್ನೂ ಮನ್ನಾ ಮಾಡಬೇಕು.

ವ್ಯಾಪಾರಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಕ್ಯೂಆರ್ ಹಾಳೆ ಹರಿದು ಹಾಕುವುದು ಪರಿಹಾರವಲ್ಲ. ಕೊಂಡದ್ದಕ್ಕೆ ಚೀಟಿ, ಮಾರಿದ್ದಕ್ಕೆ ದಿನದ ಲೆಕ್ಕ, ಅಂಗಡಿಗೆ ಬೇರೆ ಖಾತೆ ಇಷ್ಟಿದ್ದರೆ ಖರ್ಚು ಕಾಣದ ಅಧಿಕಾರಿಗೆ ಅದನ್ನು ತೋರಿಸಬಹುದು. ಒಬ್ಬೊಬ್ಬರೇ ಕಚೇರಿಯ ಬಾಗಿಲಲ್ಲಿ ಕೈಮುಗಿದು ನಿಂತರೆ ಕೇಳುವವರಿಲ್ಲ. 2025ರ ಜುಲೈಯಲ್ಲಿ ಸರಕಾರ ಸಭೆ ಕರೆದದ್ದು ಎಲ್ಲರೂ ಒಟ್ಟಿಗೆ ನಿಂತದ್ದರಿಂದಲೇ. ನೋಟಿಸು ಬಂದಾಗ ಕೂಡಿದ ಆ ಜನ, ಮಿತಿ ಏರುವವರೆಗೆ ಚದುರಬಾರದು.